ಓದಲಾಗಿದೆ ಎಂಬ ಗುರುತು

ಜಯಮ್ಮನ ಹೆಸರಿಗೆ ಬಂದಿದ್ದ ಸಂದೇಶವನ್ನು ಓದಿದ್ದು ನಾನು. ಓದಿ, ತಲುಪಿಸದೆ ಸುಮ್ಮನಿದ್ದವಳೂ ನಾನೇ. ಆಮೇಲೆ ನಮ್ಮ ಯಜಮಾನರು ‘ನೀನೇನಾದರೂ ಮುಟ್ಟಿದ್ದೆಯಾ ಗಿರಿಜಾ?’ ಎಂದು ಕೇಳಿದಾಗ ‘ಇಲ್ಲ’ ಎಂದವಳೂ — ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ನಡುವೆ ಎಲ್ಲೋ ನನಗೆ ನಾನೇ ಕ್ಷಮೆ ಕೊಟ್ಟುಕೊಂಡುಬಿಡುತ್ತೇನೆ ಎಂಬ ಭಯ. ಬಾಯಲ್ಲಿ ಹೇಳಿ ನೋಡಿದ್ದಾಯಿತು. ಅದು ಸಾಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಮಂಗಳವಾರ ಬೆಳಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಹುಣಸೂರಿನಲ್ಲಿ ಈಗ ಮಂಜಿನ ಕಾಲ. ಬಾಗಿಲಿಗೆ ನೀರು ಹಾಕುವಾಗ ಎದುರು ಮನೆಯ ಗೇಟು ಕೂಡ ಕಾಣುತ್ತಿರಲಿಲ್ಲ. ನಾಲ್ಕು ಎಳೆಯ ರಂಗೋಲಿ ಬಿಟ್ಟೆ. ರಾತ್ರಿ ಹೆಪ್ಪು ಹಾಕಿದ್ದ ಹಾಲು ಚಳಿಗೆ ಇನ್ನೂ ಮೊಸರಾಗಿರಲಿಲ್ಲ, ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿಟ್ಟೆ. ಫಿಲ್ಟರಿನ ತಲೆಗೆ ಎರಡು ಏಟು ಹಾಕಿ ಡಿಕಾಕ್ಷನ್ ಇಳಿಯಲು ಬಿಟ್ಟೆ. ಮುಖ ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡೆ. ಆಮೇಲೆ ನಡುಮನೆಯ ಪಕ್ಕದ ಸಣ್ಣ ಕೋಣೆಗೆ ಹೋಗಿ, ಕಂಪ್ಯೂಟರಿಗೆ ಅವತ್ತು ಯಾವ ತಾರೀಕು ಎಂದು ಹೇಳಿಕೊಡುವ ಕೆಲಸ. ಇದು ನನ್ನ ದಿನಚರಿಯಲ್ಲಿ ಮೂರು ವರ್ಷದಿಂದ ಸೇರಿಕೊಂಡಿದೆ. ಅದರೊಳಗಿನ ಬ್ಯಾಟರಿ ಸತ್ತು ಬಹಳ ಕಾಲವಾಯಿತು. ಆ ಜಾತಿಯ ಬ್ಯಾಟರಿ ಈಗ ಸಿಗುವುದಿಲ್ಲವಂತೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ತಾನು ಹುಟ್ಟಿದ ವರ್ಷಕ್ಕೇ ಹಿಂದಿರುಗಿಬಿಡುತ್ತದೆ. ನಮ್ಮ ಯಜಮಾನರಿಗೆ ತಲೆಗೂದಲು ಕಪ್ಪಗಿದ್ದ ವರ್ಷ ಅದು.

ಆ ಕಂಪ್ಯೂಟರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಯಜಮಾನರು ಐ.ಟಿ.ಐ.ಯಲ್ಲಿ ಮೇಷ್ಟ್ರಾಗಿದ್ದವರು, ಹವ್ಯಾಸಿ ರೇಡಿಯೋ ಅವರ ಪ್ರಾಣ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸು ತಗೊಂಡು, ಗಾಳಿಯಲ್ಲಿ ತಮಗೊಂದು ಹೆಸರು — ಅಕ್ಷರ, ಅಂಕಿ ಕೂಡಿದ ಒಂದು ಕರೆಸಂಕೇತ — ಪಡೆದಿದ್ದರು. ಮಾತಾಡುವುದಕ್ಕಿಂತ ಅವರಿಗೆ ಪ್ಯಾಕೆಟ್ ರೇಡಿಯೋ ಎಂದರೆ ಹೆಚ್ಚು ಇಷ್ಟ. ಕೀಬೋರ್ಡಿನಲ್ಲಿ ಬರೆದದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ರೇಡಿಯೋದಲ್ಲಿ ಕಳಿಸುವ ವಿಧಾನ. ಎಚ್.ಡಿ. ಕೋಟೆಯಲ್ಲಿ ಒಬ್ಬರು ಬರೆದರೆ ಅದು ನಮ್ಮ ಮನೆಗೆ ಬಂದು ಕೂರುತ್ತದೆ. ನಮ್ಮ ಮನೆಯಿಂದ ಪಿರಿಯಾಪಟ್ಟಣದ ಹಾರನಹಳ್ಳಿಗೆ, ಅಲ್ಲಿಂದ ಕೊಡಗಿನ ಕಡೆಗೆ. ನಮ್ಮ ಸಣ್ಣ ಕೋಣೆ ಒಂದು ಅಂಚೆಕಚೇರಿ ಅಂದುಕೊಳ್ಳಿ. ಇದನ್ನೆಲ್ಲ ನಡೆಸುವ ಪ್ರೋಗ್ರಾಮು ಯಾವ ಕಾಲದಲ್ಲೋ ಯಾರೋ ವಿದೇಶದವರು ಬರೆದು ಕೈಬಿಟ್ಟದ್ದು. ಬರೆದವರೇ ಮರೆತ ಮೇಲೂ ಅಲ್ಲಲ್ಲಿ ಇವರಂಥ ನಾಲ್ಕಾರು ಜನ ಅದನ್ನು ರಿಪೇರಿ ಮಾಡಿಕೊಂಡು ಬಂದರು. ‘ಎತ್ತಿನ ಗಾಡಿ ಕಣೇ ಇದು. ಕೀಲೆಣ್ಣೆ ಹಾಕ್ತಾ ಇದ್ರೆ ನಡೀತಾ ಇರುತ್ತೆ’ ಎನ್ನುತ್ತಿದ್ದರು.

ಮೂರು ವರ್ಷದಿಂದ ಆ ಎಣ್ಣೆ ಹಾಕುತ್ತಿರುವವಳು ನಾನು. ಇವರು ಹೋದ ಮೇಲೆ ಅದನ್ನು ಆರಿಸಬೇಕಿತ್ತು. ಲೈಸೆನ್ಸು ಅವರದು, ಅವರಿಲ್ಲದ ಮೇಲೆ ಅವರ ಕರೆಸಂಕೇತ ಗಾಳಿಯಲ್ಲಿ ಇರಕೂಡದು. ಅದು ಕಾನೂನು, ಗೊತ್ತು. ಆದರೂ ಆರಿಸಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅದು ತಾನಾಗಿ ತನ್ನ ಹೆಸರು ಹೇಳಿಕೊಳ್ಳುತ್ತದೆ — ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಒಂದು ಸದ್ದು, ಅರೆಕ್ಷಣ. ನಾನು ಅಡುಗೆಮನೆಯಲ್ಲಿದ್ದರೂ ಕೇಳಿಸುತ್ತದೆ. ಮಣ್ಣಾದ ಮನುಷ್ಯ ಹತ್ತು ನಿಮಿಷಕ್ಕೊಮ್ಮೆ ಹುಣಸೂರಿನ ಆಕಾಶಕ್ಕೆ ‘ಇದ್ದೇನೆ’ ಎನ್ನುತ್ತಾನೆ. ನಾನು ಒಗ್ಗರಣೆ ಸೌಟು ಹಿಡಿದು ನಿಂತು ಕೇಳಿಸಿಕೊಳ್ಳುತ್ತೇನೆ. ಪ್ರೀತಿಯಿಂದ ನಡೆಸುತ್ತಿದ್ದೇನೆ ಎಂದು ನೆಂಟರಿಷ್ಟರೆಲ್ಲ ತಿಳಿದಿದ್ದಾರೆ. ಪ್ರೀತಿ ಇರಲಿಲ್ಲವೆಂದಲ್ಲ — ಆದರೆ ಆರಿಸಿಬಿಟ್ಟರೆ ಅದರೊಳಗಿರುವ ನನ್ನ ತಪ್ಪಿಗೆ ಇನ್ನು ಸಾಕ್ಷಿಯೇ ಇರುವುದಿಲ್ಲವಲ್ಲ ಎಂಬ ಯೋಚನೆಯೂ… ಅದು ಸಮಾಧಾನವೋ ಭಯವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಂಗಳವಾರ ಬೆಳಗ್ಗೆ ಕೋಣೆಗೆ ಹೋದಾಗ ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ರಾತ್ರಿ ಎಷ್ಟೋ ಹೊತ್ತಿಗೆ ಕರೆಂಟು ಹೋಗಿ, ಯು.ಪಿ.ಎಸ್. ಕೂಡ ಬರಿದಾಗಿ, ಈಗ ಕರೆಂಟು ಬಂದು ಅದು ತಾನೇ ಎದ್ದಿತ್ತು. ಎದ್ದಾಗ ಅದರ ಪಟ್ಟಿ ಕೆಟ್ಟಿರಬೇಕು. ಯಾವ ಸಂದೇಶ ಯಾರಿಗೆ, ಅದನ್ನು ಓದಿಯಾಗಿದೆಯೇ ಇಲ್ಲವೇ ಎಂಬ ಪಟ್ಟಿ. ಪಟ್ಟಿ ಕೆಟ್ಟರೆ ಪ್ರೋಗ್ರಾಮು ಡಿಸ್ಕಿನ ಮೂಲೆ ಮೂಲೆಯಲ್ಲಿರುವ ಹಳೆಯ ಸಂದೇಶಗಳನ್ನೆಲ್ಲ ಹೆಕ್ಕಿ ಹೊಸ ಪಟ್ಟಿ ಕಟ್ಟುತ್ತದೆ. ಆದರೆ ಹಾಗೆ ಕಟ್ಟುವಾಗ ‘ಓದಲಾಗಿದೆ’ ಎಂಬ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಎಲ್ಲವೂ ಓದದವೇ ಆಗುತ್ತವೆ. ಇವರ ನೋಟುಬುಕ್ಕಿನಲ್ಲಿ ಇದನ್ನು ಬರೆದಿಟ್ಟಿದ್ದರು. ನಾನು ನೋಡಿದ್ದು ಅದೇ ಮೊದಲು.

ಅಂಕಿ ಓಡುವುದು ನಿಂತಿತು. ಸಾಸಿವೆ ಸಿಡಿದ ಸದ್ದು — ಈ ಸಲ ಅರೆಕ್ಷಣವಲ್ಲ, ತುಂಬಾ ಹೊತ್ತು. ಯಾರ ಹೆಸರಿಗೆ ಓದದ ಸಂದೇಶ ಇದೆಯೋ ಅವರ ಹೆಸರನ್ನು ಅದು ಅರ್ಧ ಗಂಟೆಗೊಮ್ಮೆ ಗಾಳಿಯಲ್ಲಿ ಕೂಗುತ್ತದೆ. ಅಂಚೆಯಣ್ಣ ಬೀದಿಯಲ್ಲಿ ಕೂಗುತ್ತಿದ್ದ ಹಾಗೆ. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಇಳಿದವು. ಮೊದಲನೆಯದು ಕೆ.ಆರ್. ನಗರದ ಒಬ್ಬರದು, ಅವರು ತೀರಿಕೊಂಡಾಗ ಶಿವಗಣಾರಾಧನೆಯ ಊಟ ಉಂಡು ಬಂದವಳು ನಾನು. ಎರಡನೆಯದು ಎಚ್.ಡಿ. ಕೋಟೆಯವರು — ಅವರೂ ಇಲ್ಲ. ಆಮೇಲಿನವರೂ ಇಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಹಾಜರಿ ಕರೆಯುವಾಗ ಹೆಸರಿಗೂ ಹೆಸರಿಗೂ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಡುತ್ತಿದ್ದರು, ಉತ್ತರಕ್ಕೆಂದು. ಅದೂ ಹಾಗೇ ಕೊಡುತ್ತಿತ್ತು.

ಕೊನೆಗೆ ಬಂದದ್ದು, ಇಂಗ್ಲಿಷಿನಲ್ಲಿ, JAYAMM. ಹೆಸರಿಗೆ ಆರೇ ಅಕ್ಷರದ ಜಾಗ. ಕೊನೆಯ ಅಕ್ಷರ ಹಿಡಿಸುವುದಿಲ್ಲ.

ಹೆಸರು ಕೂಗಿ ಮುಗಿದ ಮೇಲೆ ರೇಡಿಯೋದ ಹಸಿರು ದೀಪ ಒಮ್ಮೆ ಹೊತ್ತಿತು. ಆ ಕಡೆಯಿಂದ ಯಾರೋ ಏನೋ ಕಳಿಸಿದ್ದಾರೆ ಎಂದು ಅರ್ಥ. ಪರದೆಯ ಮೇಲೆ ಏನೂ ಮೂಡಲಿಲ್ಲ. ಮಂಜಿನ ಬೆಳಗುಗಳಲ್ಲಿ ಕೇರಳದ ಕಡಲಂಚಿನಿಂದೆಲ್ಲ ಅಲೆ ಬರುತ್ತದೆ, ಅರ್ಧಂಬರ್ಧ ಬಂದು ಸಾಯುತ್ತದೆ ಎಂದು ಇವರು ಹೇಳಿದ್ದುಂಟು. ಹಾಗೇ ಇರಬೇಕು. ಆದರೂ ನನ್ನ ಕೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತ್ತು.

ಜಯಮ್ಮ ನಮ್ಮ ಪಕ್ಕದ ಮನೆಯವರು. ನಡುವೆ ಒಂದು ಸೊಂಟದೆತ್ತರದ ಗೋಡೆ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ. ಅವರಿಗಿದ್ದದ್ದು ಒಬ್ಬ ತಮ್ಮ, ಮಾದೇವ. ತಾಯಿ ಸತ್ತ ಮೇಲೆ ಜಯಮ್ಮನೇ ಎತ್ತಿ ಆಡಿಸಿ ಬೆಳೆಸಿದ್ದು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರದ ಕೊಂಬೆ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಊರಿಗೆ ಬಂದರೆ ನಮ್ಮ ಗೋಡೆಯ ಮೇಲೆ ಕೂತು ಇವರ ಆಂಟೆನಾ ನೋಡಿ, ‘ಮೇಷ್ಟ್ರೇ, ಇದ್ರಲ್ಲಿ ಆನೆ ಎಲ್ಲೈತೆ ಅಂತ ಗೊತ್ತಾಯ್ತದಾ?’ ಎಂದು ನಗಿಸುತ್ತಿದ್ದ.

ಒಂಬತ್ತು ವರ್ಷದ ಹಿಂದೆ, ಒಂದು ಆಷಾಢದಲ್ಲಿ, ಕೊಡಗಿನ ಕಡೆ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಫೋನುಗಳೆಲ್ಲ ಸತ್ತವು. ಅಂಥ ಹೊತ್ತಿನಲ್ಲಿ ಈ ರೇಡಿಯೋದವರು ಊರವರ ಸುದ್ದಿಯನ್ನೂ ಸಾಗಿಸುತ್ತಾರೆ. ನಾಲ್ಕು ದಿನ ಇವರು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಅಲ್ಲಿಗೇ ತಟ್ಟೆ ತಂದು ಕೊಡುತ್ತಿದ್ದೆ. ಆ ಕೋಣೆಯಲ್ಲಿ ಇವರದೊಂದು ಕಟ್ಟುನಿಟ್ಟು ಇತ್ತು: ಸಂದೇಶ ಓದಿದವರೇ ಎದ್ದು ಹೋಗಿ ತಲುಪಿಸಬೇಕು. ಚಪ್ಪಲಿ ಮೆಟ್ಟಿಕೊಂಡು ಓದು ಎನ್ನುತ್ತಿದ್ದರು. ಏಕೆಂದರೆ ಒಮ್ಮೆ ತೆರೆದರೆ ಅದಕ್ಕೆ ‘ಓದಲಾಗಿದೆ’ ಎಂಬ ಗುರುತು ಬೀಳುತ್ತದೆ, ಕೂಗುವ ಪಟ್ಟಿಯಿಂದ ಹೆಸರು ಹೋಗುತ್ತದೆ. ಆಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಓದದವನ್ನು ಮಾತ್ರ ನೋಡುವುದು ಅವರ ಕ್ರಮ.

ನಾಲ್ಕನೆಯ ದಿನ ಬೆಳಗ್ಗೆ ಗಾಳಿಗೆ ಆಂಟೆನಾ ವಾಲಿತು. ಹಗ್ಗ ಹಿಡಿದು ಮಹಡಿಯ ಮೇಲಕ್ಕೆ ಹತ್ತುತ್ತ, ‘ಏನಾದರೂ ಬಂದರೆ ಕೂಗು. ಓದಬೇಡ’ ಎಂದರು. ನಾನು ಮೇಜು ಒರೆಸುತ್ತ ನಿಂತಿದ್ದೆ. ಒಂದು ಹೊಸ ಸಾಲು ಮೂಡಿತು. ಜಯಮ್ಮನ ಹೆಸರು.

ಕೂಗಬೇಕಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಪಕ್ಕದ ಮನೆಯವಳಿಗೆ ಏನು ಬಂದಿರಬಹುದು ಎಂಬ — ಕುತೂಹಲ ಎಂದರೆ ಮರ್ಯಾದೆಯ ಮಾತಾಯಿತು. ಪರರ ಕಾಗದ ಒಡೆಯುವುದು ಕಳವಿಗೆ ಸಮ ಎಂದು ನಮಗೆ ಕಾನ್ವೆಂಟಿನಲ್ಲಿ ಏಳನೇ ವಯಸ್ಸಿಗೇ ಕಲಿಸಿದ್ದರು. ಗುಂಡಿ ಒತ್ತಿದೆ.

‘ಜಯಮ್ಮನವರಿಗೆ. ತಮ್ಮ ಮಾದೇವ ಮರ ಬಿದ್ದು ಆಸ್ಪತ್ರೆಯಲ್ಲಿದ್ದಾನೆ. ಪ್ರಜ್ಞೆ ಇದೆ. ಅಕ್ಕನನ್ನು ಕರೆಸಿ ಅನ್ನುತ್ತಿದ್ದಾನೆ. ಇವತ್ತೇ ಬಂದರೆ ಒಳ್ಳೆಯದು.’

ಒಂಬತ್ತು ನಲವತ್ತು. ಗೋಣಿಕೊಪ್ಪದ ಕಡೆಗೆ ಹತ್ತು ಗಂಟೆಗೆ ಬಸ್ಸಿತ್ತು. ನಾನು ಕೊಡೆ ಹಿಡಿದು ಹಿತ್ತಿಲಿಗೆ ಹೋದೆ; ನಿಜವಾಗಿಯೂ ಹೇಳಲೆಂದೇ ಹೋದೆ. ಇವರ ಹಗ್ಗ ಬೀಸಿ ಜಯಮ್ಮನ ನುಗ್ಗೆಮರದ ಕೊಂಬೆ ಮುರಿದಿತ್ತು. ಅವರು ಗೋಡೆಯ ಆಚೆ ಆ ಕೊಂಬೆ ಎಳೆಯುತ್ತ, ಬೀದಿಯಲ್ಲಿ ಹಾಲಿಗೆ ಹೋಗುತ್ತಿದ್ದ ಇಬ್ಬರು ಹೆಂಗಸರಿಗೆ ಗಟ್ಟಿಯಾಗಿ ಹೇಳುತ್ತಿದ್ದರು:

‘ನೋಡ್ರವ್ವಾ, ನಮ್ ಮೇಷ್ಟ್ರು ಮಳೇಲಿ ಮಾಡಿ ಮ್ಯಾಲೆ ಕೋತಿ ಕುಣ್ದಂಗೆ ಕುಣೀತಾವ್ರೆ. ಸಿಡ್ಲು ಬಡ್ದ್ರೆ ನಮ್ಮನೇಗೂ ಸೇರ್ಸಿ. ಅಕಾ, ಎಡ್ತಿ ಬಂದ್ಳು, ಇಂಗ್ಲೀಸ್ನಲ್ಲಿ ಕೊಡೆ ಇಡ್ಕಂಡು!’

ಆ ಇಬ್ಬರೂ ನಕ್ಕರು. ಜಯಮ್ಮನೂ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ, ಈಗ ಗೊತ್ತು; ಅವರು ದಿನವೂ ಯಾರನ್ನಾದರೂ ಹಾಗೆ ಆಡಿಕೊಳ್ಳುವವರೇ. ಆದರೆ ನನ್ನ ಕಿವಿ ಬಿಸಿಯಾಯಿತು. ಕೊಡೆಯ ಕಡ್ಡಿಯಿಂದ ನೀರು ನನ್ನ ಮೊಣಕೈಗೆ ತೊಟ್ಟಿಕ್ಕುತ್ತಿತ್ತು. ಒಂದು ಗಂಟೆ ಕಾಯಲಿ — ಈ ಮಾತು ನನ್ನೊಳಗೆ ಸ್ಪಷ್ಟವಾಗಿ ಹುಟ್ಟಿತು. ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗೆ. ಹಿಂದಿರುಗಿ ಒಳಗೆ ಬಂದೆ.

ಹತ್ತರ ಬಸ್ಸು ಹೋಯಿತು. ಇವರು ತೊಯ್ದು ತೊಪ್ಪೆಯಾಗಿ ಇಳಿದು ಬಂದರು. ನೀರು ಕಾಯಿಸಿ ಕೊಟ್ಟೆ. ಓದದ ಪಟ್ಟಿ ನೋಡಿದರು, ಖಾಲಿ. ‘ಏನೂ ಬರಲಿಲ್ಲವಾ?’ ಎಂದರು. ‘ಇಲ್ಲ’ ಎಂದೆ. ಅದು ಮೊದಲ ಇಲ್ಲ. ಒಂದು ಗಂಟೆ ಕಳೆದ ಮೇಲೆ ಹೇಳಿದರೆ, ಒಂದು ಗಂಟೆ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಎರಡು ಗಂಟೆಯ ಮೇಲೆ ಅದು ಇನ್ನೂ ಭಾರ. ಮಧ್ಯಾಹ್ನಕ್ಕೆ ಕಾಡಿನ ರಸ್ತೆಗೆ ನೀರು ಬಂದು ಪೊಲೀಸರು ಬಸ್ಸು ನಿಲ್ಲಿಸಿದರು ಎಂಬ ಸುದ್ದಿ ಬಂತು. ಇನ್ನು ಹೇಳಿದರೂ ಹೋಗಲಾರರಲ್ಲ ಎಂದುಕೊಂಡೆ. ಅದನ್ನು ಕೇಳಿ ನನಗೆ ಹಗುರವಾಯಿತು. ಇದನ್ನು ಬರೆಯುವಾಗ ನನ್ನ ಕೈ ನಿಂತಿತು, ಆದರೆ ಬರೆಯಲೇಬೇಕು. ಹಗುರವಾಯಿತು.

ನಾಲ್ಕು ಗಂಟೆಗೆ ಎರಡನೆಯ ಸಂದೇಶ. ಅದನ್ನು ಇವರೇ ಓದಿದರು. ಚಪ್ಪಲಿ ಕೂಡ ಮೆಟ್ಟದೆ ಮಳೆಯಲ್ಲಿ ಪಕ್ಕದ ಮನೆಗೆ ಹೋದರು. ಆಮೇಲೆ ಕೇಳಿಸಿದ ಆ ಕೂಗನ್ನು ನಾನು ಕುಕ್ಕರಿನ ಸದ್ದಿನಲ್ಲಿ ಮುಚ್ಚಲು ನೋಡಿದೆ.

ಮಾದೇವನನ್ನು ಮಣ್ಣು ಮಾಡಿ ಬಂದ ಮೇಲೆ ಜಯಮ್ಮ ನಮ್ಮ ಜಗಲಿಯಲ್ಲಿ ಬಂದು ಕೂತರು. ‘ಬೆಳಿಗ್ಗೇನೇ ಯೋಳಿ ಕಳ್ಸಿದ್ವಿ ಅಂದ್ರು ಮೇಷ್ಟ್ರೇ ಅಲ್ಲಿ. ಮೂರು ಗಂಟೆಗಂಟ ಬಾಗ್ಲೇ ನೋಡ್ತಿದ್ನಂತೆ’ ಎಂದರು. ದೂರುವ ದನಿ ಇರಲಿಲ್ಲ. ಕೇಳುವ ದನಿ. ಇವರು ಎದ್ದು ಕೋಣೆಗೆ ಹೋದರು. ಹುಡುಕಿ ನೋಡಿದರು. ಸಂದೇಶ ಅಲ್ಲೇ ಇತ್ತು, ‘ಓದಲಾಗಿದೆ’ ಎಂಬ ಗುರುತಿನೊಂದಿಗೆ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನನ್ನನ್ನು ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ತುಂಬಾ ಮೆಲ್ಲಗೆ. ‘ನೀನೇನಾದರೂ ಮುಟ್ಟಿದ್ದೆಯಾ ಗಿರಿಜಾ?’ ‘ಇಲ್ಲ.’

ಮಿಷೀನು ಓದಲಾಗಿದೆ ಎಂದಿತು. ನಾನು ಇಲ್ಲ ಎಂದೆ. ಅವರು ನನ್ನನ್ನು ನಂಬಿದರು, ಮಿಷೀನನ್ನು ಅನುಮಾನಿಸಿದರು.

ಅಲ್ಲಿಂದ ಶುರುವಾಯಿತು. ಓದದ ಸಂದೇಶಕ್ಕೆ ಓದಿದ ಗುರುತು ತಾನಾಗಿ ಬೀಳುವಂಥ ದೋಷ ಪ್ರೋಗ್ರಾಮಿನಲ್ಲಿ ಎಲ್ಲೋ ಇದೆ ಎಂದುಕೊಂಡರು. ಅದರಿಂದ ಒಬ್ಬ ಹುಡುಗ ಬಾಗಿಲು ನೋಡುತ್ತ ಸತ್ತ. ನಾಳೆ ಇನ್ನೊಬ್ಬ ಸಾಯಬಹುದು. ಸಾವಿರಾರು ಸಾಲು. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಹಾರನಹಳ್ಳಿಯ ಸ್ನೇಹಿತರಿಗೆ ಬರೆದರು, ಕಾಣದ ದೇಶಗಳವರಿಗೆ ಬರೆದರು — ಹೀಗೊಂದು ದೋಷ ನಿಮಗೂ ಕಂಡಿದೆಯೇ ಎಂದು. ಯಾರಿಗೂ ಕಂಡಿರಲಿಲ್ಲ. ಕಾಣುವುದೆಲ್ಲಿಂದ? ದೋಷ ಅಡುಗೆಮನೆಯಲ್ಲಿ ಬೇಳೆ ಬೇಯಿಸುತ್ತಿತ್ತು. ಕನ್ನಡಕದ ನಂಬರು ಎರಡು ಸಲ ಬದಲಾಯಿತು. ನೆಂಟರ ಮದುವೆಗಳಿಗೆ ಹೋಗುವುದು ನಿಂತಿತು. ಊಟದ ನಡುವೆ ಕೈ ತಡೆದು, ‘ಸಿಡಿಲಿಗೆ ಕರೆಂಟು ಮಿಣುಕಿದ್ದರೆ ಆಗಬಹುದೇನೋ ಅಲ್ವಾ?’ ಎನ್ನುತ್ತಿದ್ದರು. ನಾನು ‘ಆಗಬಹುದು’ ಎಂದು ಅನ್ನ ಬಡಿಸುತ್ತಿದ್ದೆ. ನಾಲ್ಕು ವರ್ಷ ಹೀಗೆ.

ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶನಿವಾರ ಚರ್ಚಿನ ಮರದ ಗೂಡಿನ ಮುಂದೆ ಮಂಡಿಯೂರಿ ಪಾಪ ಹೇಳಿಕೊಂಡು ಬರುತ್ತಿದ್ದರು. ಹೊರಗೆ ಬಂದಾಗ ಅವರ ಮುಖ ತೊಳೆದ ಹಾಗಿರುತ್ತಿತ್ತು. ನಾವು ಉಳಿದವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆವು. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ನಾನು ಆ ಸಣ್ಣ ಕೋಣೆಯ ಬಾಗಿಲವರೆಗೆ ಹೋಗಿದ್ದೇನೆ. ಕಾಫಿ ಲೋಟ ಇಟ್ಟು ಬಂದಿದ್ದೇನೆ.

ಕಡೆಯ ಎರಡು ವರ್ಷ ಅವರು ಮೆತ್ತಗಾದರು. ‘ಬಾ, ಇಲ್ಲಿ ಕೂತ್ಕೋ, ನೀನೂ ಕಲಿ’ ಎಂದು ಕರೆದು ಪ್ರೋಗ್ರಾಮಿನ ಒಳಹೊರಗನ್ನು ತೋರಿಸಿದರು. ಒಂದು ದಿನ, ನನ್ನತ್ತ ನೋಡದೆ, ಕೀಬೋರ್ಡಿನ ಧೂಳನ್ನು ಬ್ರಷ್ಷಿನಿಂದ ಕೆಡವುತ್ತ, ‘ಓದಿದರೆ ಇದು ಗುರುತಿಟ್ಟುಕೊಳ್ಳುತ್ತೆ. ಯಾರೂ ಹೇಳದೆ ಇದ್ದರೂ ಇದಕ್ಕೆ ಗೊತ್ತಿರುತ್ತೆ’ ಎಂದರು. ನಾನು ಹೂಂ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಬ್ರಷ್ಷು ಆಡಿಸಿದರು. ಆಮೇಲೆ, ಇವತ್ತಿಗೆ ಸಾಕು ಎಂದು ಎದ್ದರು.

ಮತ್ತೆ ಮಂಗಳವಾರಕ್ಕೆ ಬರುತ್ತೇನೆ. ಸತ್ತವರನ್ನೆಲ್ಲ ಹೀಗೆ ಅರ್ಧ ಗಂಟೆಗೊಮ್ಮೆ ಕೂಗಿಸುತ್ತಿರಲು ಸಾಧ್ಯವಿರಲಿಲ್ಲ. ಎಲ್ಲಕ್ಕೂ ಒಟ್ಟಿಗೆ ಓದಿದ ಗುರುತು ಹಾಕಬೇಕೆಂದರೆ ಪ್ರೋಗ್ರಾಮಿನಲ್ಲಿ ಆ ಗುರುತು ಬೀಳುವ ಜಾಗವನ್ನೇ ತೆರೆಯಬೇಕು. ಬೇರೆಲ್ಲ ಭಾಗ ರಿಪೇರಿ ಮಾಡಿದ್ದೇನೆ. ಆ ಪುಟವನ್ನು ಮಾತ್ರ ಈ ಮೂರು ವರ್ಷದಲ್ಲಿ ತೆರೆದಿರಲಿಲ್ಲ. ಅದು ಅವರು ಹುಡುಕಿ ಹುಡುಕಿ ಸವೆದ ಜಾಗ. ತೆರೆದೆ.

ಪ್ರೋಗ್ರಾಮಿನ ಸಾಲುಗಳ ನಡುವೆ ಬರೆದವರು ತಮಗೋಸ್ಕರ ಟಿಪ್ಪಣಿ ಇಟ್ಟುಕೊಳ್ಳಬಹುದು. ಕಂಪ್ಯೂಟರು ಅವನ್ನು ಓದುವುದಿಲ್ಲ, ದಾಟಿಕೊಂಡು ಮುಂದೆ ಹೋಗುತ್ತದೆ. ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ತುಂಬಿಕೊಂಡಿತ್ತು. ‘ನೋಡಿದೆ, ಸರಿ ಇದೆ.’ ಅದರ ಕೆಳಗೆ, ಒಂದು ತಿಂಗಳ ನಂತರದ ತಾರೀಕಿನಲ್ಲಿ, ‘ಮತ್ತೆ ನೋಡಿದೆ, ಸರಿ ಇದೆ.’ ಮತ್ತೆ. ಮತ್ತೆ. ಪರದೆ ಕೆಳಗೆ ಸರಿಸಿದಷ್ಟೂ ಅದೇ — ನಾಲ್ಕು ವರ್ಷದ ‘ಸರಿ ಇದೆ’. ಅವರ ದನಿ ನನಗೆ ಕೇಳುತ್ತಿತ್ತು, ಪ್ರತಿಸಲವೂ ಸ್ವಲ್ಪ ಸಣ್ಣದಾಗಿ.

ಕಡೆಯ ಟಿಪ್ಪಣಿ ಅವರು ಹೋಗುವುದಕ್ಕೆ ಎರಡು ವರ್ಷ ಮುಂಚಿನದು.

‘ಮಿಷೀನಿನ ಹಳೆಯ ದಾಖಲೆ ಇವತ್ತು ಸಿಕ್ಕಿತು. ತೆರೆದದ್ದು ರೇಡಿಯೋ ಕಡೆಯಿಂದ ಅಲ್ಲ. ಮನೆಯ ಕೀಬೋರ್ಡಿನಿಂದ. ಹೊತ್ತು 9.40. ಆಗ ನಾನು ಮಹಡಿಯ ಮೇಲೆ. ತಪ್ಪು ಇದರಲ್ಲಿಲ್ಲ. ಇನ್ನು ಹುಡುಕಬೇಡ. ಅವಳನ್ನು ಕೇಳಬೇಡ.’

ಅದನ್ನು ಎಷ್ಟು ಹೊತ್ತು ನೋಡುತ್ತ ಕೂತೆನೋ. ಹಿಂದೆ ಸಾಸಿವೆ ಸಿಡಿದ ಸದ್ದಾಯಿತು. ಮತ್ತೆ ಹಾಜರಿ ಶುರುವಾಗಿತ್ತು. ಎರಡು ವರ್ಷ. ದಿನವೂ ಬೆಳಗ್ಗೆ ಎಂಟಕ್ಕೆ ಅದೇ ಕುರ್ಚಿಯಲ್ಲಿ ಕೂತು, ಅದೇ ಪರದೆ ತೆರೆದು, ಕನ್ನಡಕ ಒರೆಸಿಕೊಂಡು… ಹುಡುಕಲು ಏನೂ ಉಳಿದಿಲ್ಲವೆಂದು ಗೊತ್ತಿದ್ದ ಮೇಲೂ. ನಾನು ಕಾಫಿ ಲೋಟ ಇಡಲು ಹೋದಾಗಲೆಲ್ಲ ಅವರು ಕೈ ಕೆಲಸ ನಿಲ್ಲಿಸುತ್ತಿದ್ದರು. ಕಾಫಿಗಾಗಿ ಎಂದುಕೊಂಡಿದ್ದೆ.

ಅವತ್ತು ನಾನು ಊಟ ಮಾಡಲಿಲ್ಲ. ಒಲೆಯ ಪಕ್ಕದ ಮೊಸರು ಹುಳಿಯಾಗಿ ನೀರು ಬಿಟ್ಟುಕೊಂಡಿತ್ತು. ಸಂಜೆ ಐದಕ್ಕೆ, ಮಂಜು ಮತ್ತೆ ಇಳಿಯುವ ಮುಂಚೆ, ಮುಖ ತೊಳೆದು ಪಕ್ಕದ ಮನೆಗೆ ಹೋದೆ. ಈ ಸಲ ಗೋಡೆಯ ಹತ್ತಿರ ನಿಲ್ಲಲಿಲ್ಲ. ಬೀದಿಗೆ ಇಳಿದು, ಮುಂಬಾಗಿಲಿಂದ.

ಜಯಮ್ಮ ಹೊಸಿಲ ಬಳಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ‘ಬನ್ನಿ ಗಿರಿಜಕ್ಕ. ಸೊಗಡು ಬಾಳ ಐತೆ, ಸೀರೆಗತ್ತೀತು, ಅತ್ಲಾಗೆ ಕೂತ್ಕಳಿ’ ಎಂದರು.

ನಾನು ಕೂರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋಗಿದ್ದವು. ‘ಜಯಮ್ಮ, ಮಾದೇವ ಹೋದ ದಿನ ಬೆಳಗ್ಗೆ ಸುದ್ದಿ ಬಂದಿತ್ತು. ಮಿಷೀನು ಸರಿಯಾಗೇ ಇತ್ತು. ಓದಿದ್ದು ನಾನು. ನೀವು ಬೀದಿಯವರ ಮುಂದೆ ನನ್ನನ್ನ ಆಡಿಕೊಂಡಿರಿ ಅಂತ ಸಿಟ್ಟು ಬಂತು. ಬೇಕಂತಲೇ ಹೇಳಲಿಲ್ಲ’ ಎಂದೆ. ಒಂದೇ ಉಸಿರಿನಲ್ಲಿ.

ಅವರ ಹೆಬ್ಬೆರಳು ಒಂದು ಕಾಯಿಯ ಬೆನ್ನಿನ ಮೇಲೆ ನಿಂತಿತು. ಆಮೇಲೆ ಅದನ್ನು ಬಿರಿದು ಕಾಳುಗಳನ್ನು ಮೊರಕ್ಕೆ ಉದುರಿಸಿತು.

‘ಅಯ್, ಈಗ್ಯಾಕೆ ಆ ಮಾತು ಬುಡಿ ಗಿರಿಜಕ್ಕ. ಮೇಷ್ಟ್ರೇ ಬಂದು ಒಪ್ಕಂಡವ್ರೆ. ಅವ್ರು ಸಾಯಕ್ಕೆ ಎರಡೊರ್ಸ ಮುಂಚೆ, ಅಂಗನವಾಡಿ ತಾವ ಬಂದು. ನಾನೇ ಓದ್ಬುಟ್ಟು ಮರ್ತೋದೆ ಜಯಮ್ಮ, ಅಂತ. ನಾಕೊರ್ಸ ಮಿಷೀನ್ ಮ್ಯಾಲೆ ಆಕಿ, ಆಮೇಕೆ ಬಾಯ್ಬುಟ್ರು ನೋಡಿ. ಮಕ್ಳೆಲ್ಲ ಉಣ್ತಾ ಕೂತಿದ್ವು. ಅವುಗ್ಳ ಮುಂದೇನೇ ಬಾಯ್ಗೆ ಬಂದಂಗೆ ಬೋಯ್ದೆ. ನಿನ್ ಬಾಯ್ಗೆ ಮಣ್ಣಾಕ ಅಂದೆ. ತಲೆ ಬಗ್ಗಿಸ್ಕಂಡು ಎಲ್ಲಾ ಕೇಳುಸ್ಕಂಡ್ರು. ಆಮೇಲಿಂದ ಅವ್ರು ಸಾಯಗಂಟ ನಾನು ಮಖ ಕೊಟ್ಟು ಮಾತಾಡ್ನಿಲ್ಲ.’

‘ಅವರಲ್ಲ ಜಯಮ್ಮ. ನಾನು. ಅವರಿಗೆ ಆ ಹೊತ್ತಿನಲ್ಲಿ ಗೊತ್ತೇ ಇರಲಿಲ್ಲ. ನಾನು —’

ಜಯಮ್ಮ ನಕ್ಕರು. ಎದ್ದು ಒಂದು ಬೊಗಸೆ ಅವರೆಕಾಳನ್ನು ನನ್ನ ಸೆರಗಿಗೆ ಸುರಿದು, ಕೈಯ ಸೊಗಡನ್ನು ತಮ್ಮ ಸೀರೆಗೆ ಒರೆಸಿಕೊಂಡು ಮತ್ತೆ ಮೊರದ ಮುಂದೆ ಕೂತರು.

‘ತಗಂಡೋಗಿ, ಉಪ್ಪಿಟ್ಟಿಗಾಯ್ತದೆ. ಗಂಡನ್ ಎಸ್ರು ಉಳೀಲಿ ಅಂತ ಅವ್ರ ತಪ್ಪ ನೀವ್ಯಾಕೆ ಮೈಮ್ಯಾಲೆ ಎಳ್ಕತ್ತೀರಿ? ನಿಮ್ಮಂತೋರು ಅಂಗೆಲ್ಲ ಮಾಡಾಕಿಲ್ಲ ಬುಡಿ.’